ಕಡಲ ಸಿಂಹ ಮತ್ತು ಕಾಗೆಗಳು

ಪ್ರಿಯದರ್ಶನ್ ನಿರ್ದೇಶನದ 'ಮರಕ್ಕಾರ್' ಎಂಬ ಮಲಯಾಳಂ ಚಿತ್ರ 2021ರ ಡಿಸೆಂಬರ್‌ನಲ್ಲಿ ತೆರೆಗೆ ಬಂತು. ಬಿಡುಗಡೆಗೆ ಮುಂಚೆಯೇ ಅದಕ್ಕೆ 2019ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆತಿತ್ತು. ಕಲ್ಲಿಕೋಟೆಯ ಸಾಮೂದಿರಿ ಅರಸರ ಕಡಲ ಪಡೆಯ ನಾಯಕನಾಗಿ ಪೋರ್ಚುಗೀಸರ ವಿರುದ್ಧ ಹೋರಾಡಿದ ನಾಲ್ಕನೇ ಕುಂಞಾಲಿ ಮರಕ್ಕಾರ್ ಅದರ ಕಥಾನಾಯಕ. 'ಅರಬಿ ಕಡಲಿನ ಸಿಂಹ' ಎಂಬುದು ಚಿತ್ರದ ಅಡಿಬರಹ. ಒಬ್ಬ ಮುಸ್ಲಿಮ್ ನಾವಿಕನನ್ನು ದೇಶದ ವೀರನೆಂದು ತೋರಿಸುವ ಚಿತ್ರ ಈ ಕಾಲದಲ್ಲಿ ಬಂದದ್ದು ಸಂತೋಷದ ವಿಷಯವೇ. ಆದರೂ ನಮಗೊಂದು ತಕರಾರಿದೆ. ಅದು ಚಿತ್ರದ ಮೇಲಷ್ಟೇ ಅಲ್ಲ, ನಮ್ಮ ಮೇಲೂ ಇದೆ.

ಚಿತ್ರ ಮೂರು ಗಂಟೆಗಳ ಕಾಲ ಒಬ್ಬ ಮನುಷ್ಯನ ಪ್ರೀತಿ, ಸೇಡು, ಬಲಿದಾನಗಳ ಸುತ್ತ ತಿರುಗುತ್ತದೆ. ಉರ್ದು ಶಾಲೆಯಲ್ಲಿ ನಾವು ಓದಿದ ಚರಿತ್ರೆಯ ಪಾಠಗಳೂ ಹೀಗೆಯೇ ಇದ್ದವು. ಪಾಠಕ್ಕೊಬ್ಬ ವೀರ, ಅವನ ಕೈಯಲ್ಲೊಂದು ಖಡ್ಗ. ಅವನ ಹಿಂದೆ ನಿಂತವರ ಹೆಸರು, ಕಸುಬು, ಅವರು ಉಂಡ ಅನ್ನದ ಲೆಕ್ಕ ನಮಗೆ ಯಾರೂ ಹೇಳಿಕೊಡಲಿಲ್ಲ. ಮರಕ್ಕಾರರ ವಿಷಯದಲ್ಲಂತೂ ಈ ಮರೆವು ದೊಡ್ಡ ತಪ್ಪಾಗುತ್ತದೆ. ಏಕೆಂದರೆ ಅವರ ಬಲವಿದ್ದದ್ದು ಸಿಂಹದಲ್ಲಲ್ಲ, ಸಣ್ಣ ದೋಣಿಗಳಲ್ಲಿ.

ಆ ದೋಣಿಗಳಲ್ಲಿ ಒಂದು ಬಗೆಗೆ ಅರಬಿಯಲ್ಲಿ 'ಗುರಾಬ್' ಎಂದು ಹೆಸರು. ಗುರಾಬ್ ಎಂದರೆ ಕಾಗೆ. ಪೋರ್ಚುಗೀಸರ ದೊಡ್ಡ ಹಡಗಿಗೆ ಆಳವಾದ ನೀರು ಬೇಕು, ಗಾಳಿ ಬೇಕು. ಗಾಳಿ ನಿಂತರೆ ಅದೂ ನಿಂತಿತು. ಹಾಯಿಯ ಜೊತೆಗೆ ಹುಟ್ಟುಗಳೂ ಇದ್ದ ಮಲಬಾರಿನ ದೋಣಿಗಳು ಆಗಲೇ ಅಳಿವೆಗಳಿಂದ ಹೊರಬಂದು ಸುತ್ತುವರಿಯುತ್ತಿದ್ದವು. ದೊಡ್ಡ ಫಿರಂಗಿಗಳು ತಿರುಗಿದರೆ ಮತ್ತೆ ಅಳಿವೆಯೊಳಗೆ ನುಸುಳಿ ಮಾಯವಾಗುತ್ತಿದ್ದವು. ಅಲ್ಲಿಗೆ ದೊಡ್ಡ ಹಡಗು ಬರಲಾರದು. ವಡಗರದ ಹತ್ತಿರ ಕೋಟ್ಟಕ್ಕಲ್‌ನಲ್ಲಿ ಮೂರನೇ ಕುಂಞಾಲಿ ಕೋಟೆ ಕಟ್ಟಿಸಿದ್ದೂ ಇಂಥ ಒಂದು ಅಳಿವೆಯ ಬಾಯಲ್ಲೇ. ಕೊನೆಗೆ ಪೋರ್ಚುಗೀಸರೂ ಪಾಠ ಕಲಿತು, ಹುಟ್ಟು ಹಾಕುವ ಸಣ್ಣ ದೋಣಿಗಳ ಪಡೆಯನ್ನೇ ಈ ಕರಾವಳಿಗೆ ಕಳಿಸತೊಡಗಿದರು.

ಇವು ಹುಟ್ಟಿನಿಂದಲೇ ಯುದ್ಧದ ದೋಣಿಗಳಾಗಿರಲಿಲ್ಲ. ಮರಕ್ಕಾರರು ಮೊದಲು ವ್ಯಾಪಾರಸ್ಥರು. ಕೊಚ್ಚಿಯಲ್ಲಿ ಪೋರ್ಚುಗೀಸರೊಂದಿಗೇ ವ್ಯವಹಾರ ಮಾಡಿಕೊಂಡಿದ್ದವರು. ಆದರೆ ಪೋರ್ಚುಗೀಸರು 'ಕಾರ್ತಾಜ್' ಎಂಬ ರಹದಾರಿ ಚೀಟಿಯನ್ನು ಜಾರಿಗೆ ತಂದರು. ಅದಿಲ್ಲದೆ ಕಡಲಿಗಿಳಿದರೆ ಸರಕು, ಹಡಗು ಎರಡೂ ಹೋಯಿತು. ತಲೆಮಾರುಗಳಿಂದ ತಮ್ಮದೆಂದುಕೊಂಡ ನೀರಿನಲ್ಲಿ ಪರದೇಶಿಯ ಅಪ್ಪಣೆ ಚೀಟಿ ಹಿಡಿದು ಹೋಗಬೇಕಾಯಿತು. ಸರಕು ಸಾಗಿಸುತ್ತಿದ್ದ ದೋಣಿಗೆ ಆಯುಧ ಬಂದದ್ದು ಹೀಗೆ.

ಇನ್ನು ಅನ್ನದ ಲೆಕ್ಕ. ಮಲಬಾರಿನಲ್ಲಿ ಮೆಣಸು ಬೆಳೆಯುತ್ತಿತ್ತು, ಅಕ್ಕಿ ಸಾಲುತ್ತಿರಲಿಲ್ಲ. ಅಕ್ಕಿ ಬರುತ್ತಿದ್ದದ್ದು ನಮ್ಮ ಬಸರೂರು, ಮಂಗಳೂರು, ಭಟ್ಕಳಗಳಿಂದ. ಗೋವೆಯ ಪೋರ್ಚುಗೀಸರು ಉಣ್ಣುತ್ತಿದ್ದದ್ದೂ ಇದೇ ಅಕ್ಕಿಯನ್ನು. 1568ರಲ್ಲಿ ಮಂಗಳೂರಿಗೂ 1569ರಲ್ಲಿ ಹೊನ್ನಾವರ, ಬಸರೂರುಗಳಿಗೂ ಅವರು ಕೈಹಾಕಿದ್ದರ ಹಿಂದೆ ಈ ಅಕ್ಕಿಯೂ ಇತ್ತು. ಅಕ್ಕಿ ತುಂಬಿದ ದೋಣಿಗಳು ಸಾಲುಗಟ್ಟಿ, ಕಾವಲು ದೋಣಿಗಳ ನಡುವೆ ಗೋವೆಗೆ ಹೋಗುತ್ತಿದ್ದವು. ಆ ಸಾಲಿಗೆ ಪೋರ್ಚುಗೀಸ್ ದಾಖಲೆಗಳಲ್ಲಿ 'ಕಾಫಿಲಾ' ಎಂದೇ ಹೆಸರು. ಕಾಫಿಲಾ ಎಂದರೆ ಮರಳುಗಾಡಿನ ಒಂಟೆ ಸಾಲೆಂದು ಕಲಿತ ನಾವು, ನಮ್ಮದೇ ಕರಾವಳಿಯಲ್ಲಿ ಅಕ್ಕಿ ಮೂಟೆಗಳ ಕಾಫಿಲಾ ಸಾಗುತ್ತಿತ್ತೆಂದು ತಿಳಿಯಲು ನಡುವಯಸ್ಸಾಗಬೇಕಾಯಿತು. ಬಸರೂರಿನ ಅಕ್ಕಿ ವ್ಯಾಪಾರದ ಬಗ್ಗೆ ಸಂಜಯ್ ಸುಬ್ರಹ್ಮಣ್ಯಂ 1984ರಷ್ಟು ಹಿಂದೆಯೇ ಬರೆದಿದ್ದಾರೆ. ಅದು ವಿದ್ವಾಂಸರ ಕಪಾಟಿನಿಂದ ನಮ್ಮ ಕಥೆ ಕಾದಂಬರಿಗಳಿಗೆ ಇಳಿದು ಬರಲಿಲ್ಲ.

ಇಲ್ಲಿಂದ ಮುಂದಿನ ಮಾತು ಸ್ವಲ್ಪ ಕಹಿ. ಆ ಕಾಫಿಲಾದ ಮೇಲೆ ಮಲಬಾರಿನ ದೋಣಿಗಳು ಬಿದ್ದಾಗ ನಷ್ಟವಾದದ್ದು ಪೋರ್ಚುಗೀಸರಿಗೆ ಮಾತ್ರವೇ? ಅಕ್ಕಿ ಕಳಿಸಿದ ವರ್ತಕನಿಗೂ ದೋಣಿ ನಡೆಸಿದ ಅಂಬಿಗನಿಗೂ ಆಯಿತು. ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮ್ ಹದಿನಾರನೇ ಶತಮಾನದಲ್ಲೇ ಇಂಥದನ್ನು ಎತ್ತಿದ್ದರು. ಅರಬಿಯಲ್ಲಿ ಅವರು ಬರೆದ 'ತುಹ್ಫತುಲ್ ಮುಜಾಹಿದೀನ್' 1583ರವರೆಗಿನ ಸಂಗತಿಗಳನ್ನು ಹೇಳುತ್ತದೆ. ಅದು ಅರ್ಪಿತವಾದದ್ದು ವಿಜಾಪುರದ ಅಲಿ ಆದಿಲ್ ಶಾಹನಿಗೆ. ಜನರನ್ನು ಹೋರಾಟಕ್ಕೆ ಹುರಿದುಂಬಿಸಲೆಂದೇ ಬರೆದ ಗ್ರಂಥವದು. ಆದರೂ ಅವರು ತಮ್ಮವರ ತಪ್ಪನ್ನು ಮುಚ್ಚಿಡಲಿಲ್ಲ. ಖರ್ಚು ಮಾಡಿ ದೋಣಿ ಹೂಡಿದ ಬಡವರು, ಫಿರಂಗಿಯವರ ಸರಕು ಸಿಗದಿದ್ದಾಗ ಮುಸ್ಲಿಮರ ಸೊತ್ತಿಗೇ ಕೈಹಾಕುತ್ತಿದ್ದರು, ಅವರನ್ನು ತಡೆಯುವ ಅಧಿಕಾರವುಳ್ಳ ನಾಯಕರಿರಲಿಲ್ಲ ಎಂದು ಬರೆದಿದ್ದಾರೆ. ಮುಸ್ಲಿಮರನ್ನು ಗೌರವದಿಂದ ಬಾಳಿಸಿದ ಮಲಬಾರಿನ ಹಿಂದೂ ಅರಸರನ್ನು ಕೊಂಡಾಡಿದ್ದಾರೆ. ಮಂಗಳೂರಿನ ಕೋಟೆಗೆ ನುಗ್ಗಿ ಬೆಂಕಿಯಿಟ್ಟು, ಹಿಂದಿರುಗುವಾಗ ಕಣ್ಣೂರಿನ ಬಳಿ ಶತ್ರು ದೋಣಿಗಳಿಗೆ ಸಿಕ್ಕಿ ಮಡಿದ ಕುಟ್ಟಿ ಪೋಕರನ ಸಾಹಸವನ್ನೂ ಅದೇ ಕೈ ಬರೆದಿದೆ. ಹೊಗಳಿಕೆ, ದುಃಖ, ಬುದ್ಧಿಮಾತು ಎಲ್ಲವೂ ಒಂದೇ ಪುಸ್ತಕದಲ್ಲಿವೆ.

ಯುರೋಪಿಯನ್ನರು ಇವರನ್ನು ಕಡಲ್ಗಳ್ಳರೆಂದರು. ನಾವು ವೀರರೆಂದೆವು. ಎರಡು ಮಾತುಗಳಲ್ಲೂ ದೋಣಿಯೊಳಗಿನ ಮನುಷ್ಯ ಕಾಣುವುದಿಲ್ಲ. ಸಿಂಹದ ಕಥೆ 1600ರಲ್ಲಿ ಮುಗಿಯುತ್ತದೆ. ಆ ವರ್ಷ ಸಾಮೂದಿರಿಯೇ ಪೋರ್ಚುಗೀಸರ ಜೊತೆ ಸೇರಿ ಕೋಟೆಗೆ ಮುತ್ತಿಗೆ ಹಾಕಿದ. ಶರಣಾದ ನಾಲ್ಕನೇ ಕುಂಞಾಲಿಯನ್ನು ಗೋವೆಗೆ ಒಯ್ದು ಕೊಂದರು. ಚಿತ್ರವೂ ಅಲ್ಲಿಗೆ ಕಣ್ಣೀರಿನಲ್ಲಿ ಮುಗಿಯುತ್ತದೆ. ಆದರೆ 1607ರಲ್ಲಿ ಪಿರಾರ್ ಎಂಬ ಫ್ರೆಂಚ್ ಪ್ರವಾಸಿ ಮಲಬಾರಿನ ಇಂಥದೇ ದೋಣಿಗಾರರ ಜೊತೆ ಆ ಕರಾವಳಿಗೆ ಬಂದಿಳಿದ. ಮುಟ್ಟುಂಗಲ್, ಚೋಂಬಾಲ, ವಡಗರ, ಕೋಟ್ಟಕ್ಕಲ್‌ಗಳನ್ನೆಲ್ಲ ಕಂಡ. ದೋಣಿಗಳು ಆಗಲೂ ಕಡಲಿಗಿಳಿಯುತ್ತಿದ್ದವು. ಸಮುದ್ರದಲ್ಲಿ ದರೋಡೆ ಮಾಡುವ ಇದೇ ಜನ ನೆಲದ ಮೇಲೆ ಸಭ್ಯರಾಗಿ ಬಾಳುವುದನ್ನು ನೋಡಿ ಆತ ಬೆರಗಾದ. ನಾಯಕ ಸತ್ತು ಏಳು ವರ್ಷಗಳ ಮೇಲೂ ದೋಣಿಗಳು ನಿಂತಿರಲಿಲ್ಲ ಎಂದರೆ, ಅವು ಒಬ್ಬನ ಶೌರ್ಯದಿಂದ ಮಾತ್ರ ನಡೆದವಲ್ಲ. ಹುಟ್ಟು ಹಾಕುವ ಕೈಗಳು, ಅಳಿವೆಯ ಅರಿವು, ಮನೆಯಲ್ಲಿ ಕಾಯುವ ಹಸಿವು, ಇವೆಲ್ಲ ಸೇರಿ ಅವನ್ನು ನಡೆಸಿದ್ದವು.

ಮುಸ್ಲಿಮ್ ಬರಹಗಾರರಾದ ನಮಗೆ ಇಂದು ಒಂದು ಹೆದರಿಕೆಯಿದೆ. ನಮ್ಮವರ ತಪ್ಪನ್ನು ನಾವೇ ಬರೆದರೆ, ಅದನ್ನೇ ಕಲ್ಲಾಗಿ ಎತ್ತಿ ನಮ್ಮತ್ತ ಎಸೆಯುವವರಿದ್ದಾರೆ. ಹಾಗಾಗಿ ದೋಷವಿಲ್ಲದ ವೀರರನ್ನು ಕಟ್ಟಿ ನಿಲ್ಲಿಸುತ್ತೇವೆ. ಈ ಹೆದರಿಕೆ ಸುಳ್ಳಲ್ಲ. ಆದರೆ ಝೈನುದ್ದೀನರ ಎದುರಿಗಿದ್ದ ಶತ್ರು ನಮ್ಮ ಎದುರಿಗಿರುವವರಿಗಿಂತ ಸಣ್ಣವನೇನೂ ಆಗಿರಲಿಲ್ಲ. ಅವರು ಬರೆದರು. ಮರಕ್ಕಾರರ ಕಥೆಯನ್ನು ಮುಂದೆ ಕನ್ನಡದಲ್ಲಿ ಯಾರಾದರೂ ಬರೆಯುವುದಾದರೆ, ಅದರಲ್ಲಿ ಹುಟ್ಟು ಹಾಕಿ ಅಂಗೈ ಒಡೆದವನೂ ಇರಲಿ, ಬಸರೂರಿನಿಂದ ಅಕ್ಕಿ ಹೊತ್ತು ಹೊರಟು ನಡುನೀರಿನಲ್ಲಿ ಎಲ್ಲ ಕಳೆದುಕೊಂಡವನೂ ಇರಲಿ. ಸಿಂಹವನ್ನು ಆಮೇಲೆ ನೋಡಿಕೊಳ್ಳೋಣ.