ಆಟದ ಮನೆಗೆ ಬಂದ ಅತಿಥಿ

ಗಂಗಾವತಿ ಸೀಮೆಯ ಹೇಮಗುಡ್ಡ ಎಂದರೆ ಜನರಿಗೆ ನೆನಪಾಗುವುದು ಹಳೆಯ ಕೋಟೆ, ದುರ್ಗಾದೇವಿಯ ಗುಡಿ ಮತ್ತು ದಸರೆಯಲ್ಲಿ ಹೊರಡುವ ಆನೆಯ ಮೆರವಣಿಗೆ. ಸುತ್ತಲ ಬೆಟ್ಟಗಳಲ್ಲೆಲ್ಲ ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮನ ಕತೆ ಹಬ್ಬಿಕೊಂಡಿದೆ. ಬೆಂಗಳೂರಿನಲ್ಲಿ ಓದುವ ನನ್ನ ಆಪಾನ ಮಗನಿಗೆ ಈ ಕೋಟೆ ತೋರಿಸಲು ಒಮ್ಮೆ ಕರೆದುಕೊಂಡು ಹೋಗಿದ್ದೆ. ಅವನು ಕಲ್ಲಿನ ಮೇಲೆ ಕೂತವನೇ ಚೀಲದಿಂದ ಒಂದು ಡಬ್ಬಿ ತೆಗೆದ. ಇಸ್ಪೀಟ್ ಇರಬೇಕೆಂದು ಗದರಿಸಹೊರಟೆ. ಇಸ್ಪೀಟಲ್ಲ, ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಆಟದ ಎಲೆಗಳು. ಅವುಗಳಲ್ಲಿ ಕೆಲವನ್ನು ಬೇರೆ ತೆಗೆದಿಟ್ಟು, ‘ಇವು ನಮ್ಮವಲ್ಲ’ ಎಂದ. ಯಾಕೆಂದು ಕೇಳಿದೆ.

“ಇವು ಬಂದ ಆಟಾನೂ ಛಲೋ ಐತಿ ಮಾಮೂ. ಆದ್ರ ಅದು ಬ್ಯಾರೆ, ಇದು ಬ್ಯಾರೆ. ಹೊರಗಿನವರನ್ನ ತಂದು ನಮ್ಮ ಮನ್ಯಾಗ ಕೂಡ್ಸಿದ್ರ ಹೆಂಗ?”

ಈ ಮಾತನ್ನು ನಾನು ಬೇರೆ ಬೇರೆ ಸಂದರ್ಭಗಳಲ್ಲಿ ಬಹಳ ಸಲ ಕೇಳಿದ್ದೇನೆ. ನಮ್ಮ ಮನೆಯ ಹುಡುಗನ ಬಾಯಲ್ಲಿ, ಆಟದ ಎಲೆಗಳ ಬಗ್ಗೆ ಕೇಳಿದ್ದು ಮೊದಲ ಸಲ. ಹಾಗಾಗಿ ಆ ಆಟವನ್ನು ಅವನಿಂದಲೇ ಕೇಳಿ ತಿಳಿದುಕೊಂಡೆ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮ್ಯಾಜಿಕ್, 1993ರಲ್ಲಿ ಅಮೆರಿಕದಲ್ಲಿ ಹೊರಬಂತು. ಆಡುವವರಿಬ್ಬರೂ ತಮಗೆ ಬೇಕಾದ ಎಲೆಗಳನ್ನು ಆರಿಸಿ ತಮ್ಮದೇ ಕಟ್ಟು ಮಾಡಿಕೊಳ್ಳುತ್ತಾರೆ. ಎಲೆಗಳಲ್ಲಿ ಮಂತ್ರಗಳು, ಮೃಗಗಳು, ವೀರರು, ಭೂಮಿಗಳು ಇರುತ್ತವೆ. ಸಾಮಾನ್ಯವಾಗಿ ಇಬ್ಬರಿಗೂ ಇಪ್ಪತ್ತು ಅಂಕದ ಪ್ರಾಣ. ಎದುರಾಳಿಯ ಪ್ರಾಣವನ್ನು ಸೊನ್ನೆಗೆ ಇಳಿಸಿದವನು ಗೆದ್ದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದಕ್ಕಿಂತ ಹಳೆಯದು, 1974ರದು. ಅದರಲ್ಲಿ ನಾಲ್ಕಾರು ಜನ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಮಾತ್ರ ನಮ್ಮ ದೊಡ್ಡಾಟದ ಸಾರಥಿಯಂತೆ ಕತೆ ನಡೆಸುತ್ತಾನೆ. ‘ನದಿ ಎದುರಾಯಿತು, ಈಗೇನು ಮಾಡುತ್ತೀ?’ ಎಂದು ಅವನು ಕೇಳಿದರೆ ಉಳಿದವರು ಉತ್ತರ ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. 1997ರಿಂದ ಎರಡೂ ಆಟಗಳಿಗೆ ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಒಂದೇ ಕಂಪನಿ ಒಡೆಯ. ಆದರೂ ಎರಡನೆಯದರ ಲೋಕವನ್ನು ಮೊದಲನೆಯದರ ಒಂದು ಪೂರ್ಣ ಸಂಚಿಕೆಯಾಗಿ ತಂದದ್ದು 2021ರ ಜುಲೈನಲ್ಲಿ. ಅದರ ಹೆಸರು ಅಡ್ವೆಂಚರ್ಸ್ ಇನ್ ದ ಫರ್ಗಾಟನ್ ರೆಲ್ಮ್ಸ್.

ಅಭಿಮಾನಿಗಳ ಪ್ರತಿಕ್ರಿಯೆ ಎರಡು ಬಗೆಯದಾಗಿತ್ತು. ಎರಡೂ ಆಟ ಬಲ್ಲ ಹಲವರಿಗೆ ಹಬ್ಬವೇ ಆಯಿತು. ಐದು ತಲೆಯ ಟಿಯಾಮಾಟ್ ಎಂಬ ಡ್ರ್ಯಾಗನ್ ಎಲೆಯಾಗಿ ಕೈಗೆ ಬಂದಿತ್ತು. ‘ನೀನು ನದಿಯ ಬಳಿ ಬರುತ್ತೀ’ ಎಂಬ ಅರ್ಥದ ಹೆಸರಿನ ಎಲೆ, ಸಾರಥಿಯ ಹಾಗೆಯೇ ಎರಡು ದಾರಿ ಮುಂದಿಟ್ಟು ಆರಿಸು ಎನ್ನುತ್ತಿತ್ತು. ನೆಲಮಾಳಿಗೆಯ ನಕ್ಷೆಯೇ ಒಂದು ಎಲೆಯಾಗಿ, ಆಟಗಾರ ಕೋಣೆಯಿಂದ ಕೋಣೆಗೆ ಸಾಗಬಹುದಿತ್ತು. ಇನ್ನು ಕೆಲವರಿಗೆ ಇದು ಸರಿಬೀಳಲಿಲ್ಲ. ಲೆಕ್ಕಾಚಾರದ ಆಟಕ್ಕೆ ದಾಳದ ಅದೃಷ್ಟ ಯಾಕೆ ಎಂದರು. ಎಲೆಗಳ ಮೇಲೆ ಓರೆ ಅಕ್ಷರದಲ್ಲಿ ಅಚ್ಚಾದ ಕೆಲವು ಪದಗಳು ನಿಯಮಕ್ಕೆ ಸಂಬಂಧಿಸದ ಬರಿಯ ಅಲಂಕಾರ, ಗೊಂದಲಕ್ಕೆ ದಾರಿ ಎಂದರು. ಎಲ್ಲಕ್ಕಿಂತ ದೊಡ್ಡ ಆತಂಕ, ಇವತ್ತು ಇವರು ಬಂದರು, ನಾಳೆ ಯಾರು ಎಂಬುದು. ಈ ಆತಂಕ ಸುಳ್ಳಾಗಲಿಲ್ಲ. 2020ರಲ್ಲೇ ವಾಕಿಂಗ್ ಡೆಡ್ ಧಾರಾವಾಹಿಯ ಪಾತ್ರಗಳು ಎಲೆಗಳಾಗಿದ್ದವು. 2023ರಲ್ಲಿ ಲಾರ್ಡ್ ಆಫ್ ದ ರಿಂಗ್ಸ್, 2025ರಲ್ಲಿ ಸ್ಪೈಡರ್‌ಮ್ಯಾನ್ ಬಂದರು. ಆದ್ದರಿಂದ ಈ ಅಭಿಮಾನಿಗಳನ್ನು ಮೂಢರೆಂದು ತಳ್ಳಿಹಾಕುವಂತಿಲ್ಲ. ತಾವು ಪ್ರೀತಿಸಿದ ಲೋಕ ಸಂತೆಯಾದೀತು ಎಂಬ ನೋವು ನಿಜವಾದುದೇ.

ಆದರೆ ‘ಹೊರಗಿನವರು’ ಎಂಬ ಪದದ ಬಗ್ಗೆ ನನ್ನ ತಕರಾರಿದೆ. ಈ ಆಟ ಹುಟ್ಟಿದ ವರ್ಷದ ಡಿಸೆಂಬರಿನಲ್ಲೇ ಅದರ ಮೊದಲ ವಿಸ್ತರಣೆ ಬಂತು. ಅದರ ಹೆಸರು ಅರೇಬಿಯನ್ ನೈಟ್ಸ್. ನಮ್ಮ ಅಜ್ಜಿಯರು ಹೇಳುತ್ತಿದ್ದ ಅಲ್ಫ್ ಲೈಲಾದ ಅಲಾದೀನ, ಅಲಿಬಾಬಾ, ಶಹರಜಾದ ಎಲ್ಲರೂ ಅಲ್ಲಿದ್ದರು. ಶಹರಜಾದಳ ಎಲೆ ಬಹಳ ಸೊಗಸಾದದ್ದು. ಅದನ್ನು ಹಾಕಿದರೆ ನಡೆಯುತ್ತಿರುವ ಆಟ ನಿಲ್ಲಿಸಿ, ಅದರೊಳಗೇ ಇನ್ನೊಂದು ಆಟ ಆಡಿ ಮುಗಿಸಬೇಕು. ಕತೆಯೊಳಗೆ ಕತೆ ಹೂಡಿ ಜೀವ ಉಳಿಸಿಕೊಂಡವಳ ಗುಣವನ್ನು ನಿಯಮವಾಗಿಸಿದ ಜಾಣ್ಮೆ ಅದು. (ಅಧಿಕೃತ ಪಂದ್ಯಗಳಲ್ಲಿ ಈಗ ಅದಕ್ಕೆ ನಿಷೇಧವಿದೆ.) ಎಂದರೆ ಈ ಮನೆಗೆ ಕಟ್ಟಿದ ಮೊದಲ ಹೊಸ ಕೋಣೆಯೇ ಅತಿಥಿಯದು. ನನ್ನ ಸೋದರಳಿಯನಿಗೆ ಇದು ಗೊತ್ತಿರಲಿಲ್ಲ.

ಆ ಅತಿಥಿಗೆ ಕೊಟ್ಟ ಗೌರವ ಎಂಥದು? ಅದೇ ಸಂಚಿಕೆಯ ಒಂದು ಎಲೆಯ ಮೇಲೆ ಕುರ್‌ಆನಿನ ಸೂರಾ ನೂರ್‌ನ ಒಂದು ವಚನದ ಇಂಗ್ಲಿಷ್ ಅನುವಾದವಿತ್ತು. ಅದೇ ಸಂಚಿಕೆಯಲ್ಲಿ ‘ಕಲ್ಲೆಸೆಯುವ ಸೈತಾನರು’ ಎಂಬ ಅರ್ಥದ ಎಲೆಯೂ, ‘ಜಿಹಾದ್’ ಎಂಬ ಎಲೆಯೂ ಇದ್ದವು. ಜಿಹಾದ್ ಎಲೆಯ ನಿಯಮವನ್ನು ಗಮನಿಸಬೇಕು. ಆಟಗಾರ ಒಂದು ಬಣ್ಣವನ್ನೂ ಒಬ್ಬ ಎದುರಾಳಿಯನ್ನೂ ಹೆಸರಿಸುತ್ತಾನೆ. ಆ ಎದುರಾಳಿಯ ಬಳಿ ಆ ಬಣ್ಣದ ಏನಾದರೂ ಉಳಿದಿರುವ ತನಕ ಬಿಳಿ ಬಣ್ಣದ ಸೈನ್ಯಕ್ಕೆ ಹೆಚ್ಚಿನ ಬಲ. ಮನುಷ್ಯ ತನ್ನ ನಫ್ಸಿನೊಡನೆ ನಡೆಸುವ ಹೋರಾಟಕ್ಕೂ ಸಲ್ಲುವ ಒಂದು ಪದ ಇಲ್ಲಿ ಬಣ್ಣ ನೋಡಿ ಉರಿಯುವ ಹಗೆಯಾಗಿಬಿಟ್ಟಿತು. 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ಜನ ಬೀದಿಗಿಳಿದಿದ್ದಾಗ, ಕಂಪನಿ ಏಳು ಎಲೆಗಳನ್ನು ಪಂದ್ಯಗಳಿಂದ ನಿಷೇಧಿಸಿ ತನ್ನ ದಾಖಲೆಯಿಂದ ಅವುಗಳ ಚಿತ್ರ ತೆಗೆಯಿತು. ಇವೆರಡೂ ಆ ಏಳರಲ್ಲಿದ್ದವು; ‘ಕ್ರುಸೇಡ್’ ಎಂಬುದೂ ಇತ್ತು. ಇಷ್ಟಾಗಲು ಇಪ್ಪತ್ತಾರು ವರ್ಷಕ್ಕೂ ಹೆಚ್ಚು ಬೇಕಾಯಿತು. ತೆಗೆದದ್ದು ಸರಿ. ಆದರೆ ಅವಮಾನದ ಪೀಠ ಎತ್ತಿಟ್ಟ ಮಾತ್ರಕ್ಕೆ ಅತಿಥಿಗೆ ಮರ್ಯಾದೆಯ ಪೀಠ ಸಿಕ್ಕಂತಾಗುವುದಿಲ್ಲ.

ಮರ್ಯಾದೆಯ ಪೀಠ ಹೇಗಿರುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ಅದು ಗಂಜೀಫಾ. 1527ರಲ್ಲಿ ಬಾಬರ್ ಸಿಂಧಿನ ಶಾ ಹಸನನಿಗೆ ಈ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಅಕ್ಬರನ ಕಾಲದ ಎಲೆಗಳಲ್ಲಿ ಅಶ್ವಪತಿ, ಗಜಪತಿ, ನರಪತಿ ಎಂಬ ಹೆಸರುಗಳಿದ್ದುದನ್ನು ಅಬುಲ್ ಫಜಲ್ ದಾಖಲಿಸಿದ್ದಾನೆ. ಮೊಗಲ್ ಗಂಜೀಫಾದಲ್ಲಿ ತಾಜ್, ಶಂಶೇರ್, ಗುಲಾಮ್ ಮುಂತಾದ ಎಂಟು ಬಣ್ಣ, 96 ದುಂಡನೆಯ ಎಲೆ. ಮುಂದೆ ಇದೇ ಆಟ ದಶಾವತಾರ ಗಂಜೀಫಾ ಆಯಿತು. ಮತ್ಸ್ಯ, ಕೂರ್ಮ ಎಂದು ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೂ ಮೊದಲಿನಂತೆಯೇ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದು ದೊಡ್ಡದು ಎಂಬ ವಿಚಿತ್ರ ನಿಯಮವೂ ಉಳಿಯಿತು. ಮೊಗಲ್ ಆಟದಲ್ಲಿ ಹಗಲಿಗೆ ಚಿನ್ನದ ನಾಣ್ಯದ ಬಣ್ಣ, ರಾತ್ರಿಗೆ ಬೆಳ್ಳಿಯದು ಮುಂದಾಳು. ದಶಾವತಾರದಲ್ಲಿ ಹಗಲಿಗೆ ರಾಮ, ರಾತ್ರಿಗೆ ಕೃಷ್ಣ ಮುಂದಾಳಾದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ಮನಸೋತು ಚಾಮುಂಡೇಶ್ವರಿ ಛದದಂಥ ಹೊಸ ಆಟಗಳನ್ನೇ ರೂಪಿಸಿದರು. ನಮ್ಮ ಕಾಲದಲ್ಲಿ ಮೈಸೂರಿನ ರಘುಪತಿ ಭಟ್ಟರು ಈ ಎಲೆಗಳನ್ನು ಬರೆದು ಬರೆದು ‘ಗಂಜೀಫಾ’ ಎಂಬುದು ಅವರ ಹೆಸರಿಗೇ ಅಂಟಿಕೊಂಡಿತು. ಇಲ್ಲಿ ಮನೆ ಯಾರದು, ಅತಿಥಿ ಯಾರು? ಪಾರಸಿ ಹೆಸರಿನ ಆಟಕ್ಕೆ ರಾಮ ಬಂದನೋ, ರಾಮನ ನಾಡಿಗೆ ಆಟ ಬಂತೋ? ಎರಡೂ ನಿಜ. ಬಂದವರಿಗೆ ಆಟದ ನಿಯಮದಲ್ಲೇ ಜಾಗ ಸಿಕ್ಕಿತು, ಇದ್ದ ನಿಯಮವೂ ಕೆಡಲಿಲ್ಲ.

ಈ ಅಳತೆಯಲ್ಲಿ ನೋಡಿದರೆ 2021ರ ಸಂಚಿಕೆ ಸೋತಿಲ್ಲ. ನದಿಯ ದಡದ ಎಲೆ, ನೆಲಮಾಳಿಗೆಯ ನಕ್ಷೆ ಇವೆರಡೂ ಅತಿಥಿಯ ಗುಣವನ್ನು ಅರಿತು ಕೊಟ್ಟ ಜಾಗಗಳು. ಕೆಲಸವಿಲ್ಲದ ಓರೆ ಅಕ್ಷರಗಳು ಮಾತ್ರ ಬರಿಯ ತೋರಣ. ಅಭಿಮಾನಿಗಳ ಸಿಟ್ಟು ನಿಜವಾಗಿ ಹೊರಳಬೇಕಾದದ್ದು ಅತಿಥಿಯ ಕಡೆಗಲ್ಲ, ಅವನನ್ನು ಮಾರುವ ಕೈಯ ಕಡೆಗೆ. ಈ ಎಲೆಗಳು ಬಹುಪಾಲು ಮಾರಾಟವಾಗುವುದು ಮುಚ್ಚಿದ ಪೊಟ್ಟಣಗಳಲ್ಲಿ. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಡಬೇಕು. ಏನೆಂದು ಗೊತ್ತಿಲ್ಲದ ಸರಕಿನ ಮಾರಾಟವನ್ನು ನಮ್ಮ ಫಿಕ್‌ಹ್ ‘ಗರರ್’ ಎಂದು ಗುರುತಿಸಿ ಎಚ್ಚರಿಸಿದೆ. 2023ರಲ್ಲಿ ಕಂಪನಿ ಟೋಲ್ಕಿನ್ನನ ಉಂಗುರದ ಒಂದು ವಿಶೇಷ ಎಲೆಯನ್ನು ಇಡೀ ಜಗತ್ತಿಗೆ ಒಂದೇ ಒಂದು ಅಚ್ಚು ಹಾಕಿ ಪೊಟ್ಟಣಗಳ ನಡುವೆ ಅಡಗಿಸಿತು. ಕೊನೆಗೆ ಪೋಸ್ಟ್ ಮಲೋನ್ ಎಂಬ ಗಾಯಕ ಅದನ್ನು ಸುಮಾರು ಇಪ್ಪತ್ತು ಲಕ್ಷ ಡಾಲರಿಗೆ ಕೊಂಡ. ದುರಾಸೆಯ ಉಂಗುರದ ಕತೆಯೇ ದುರಾಸೆಯ ಸರಕಾಯಿತು. ಕಾರ್ಡಾಟ ಎಂದೊಡನೆ ಜೂಜೆಂದು ಬಾಗಿಲು ಹಾಕುವ ನಮ್ಮ ಹಿರಿಯರಿಗೂ ಒಂದು ಮಾತು ಹೇಳಬೇಕು. ಪಣವಿಲ್ಲದ ಆಟದ ಬಗ್ಗೆ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಈ ಪೊಟ್ಟಣದ ಆಸೆಯ ಬಗ್ಗೆ ನಾವು ಮಕ್ಕಳೊಡನೆ ಕೂತು ಮಾತಾಡಲೇಬೇಕಿದೆ.

ಕೋಟೆಯಿಂದ ಇಳಿಯುವ ಮುನ್ನ ಹುಡುಗನಿಗೆ ಕಂಪಿಲರಾಯನ ಕತೆ ಹೇಳಿದೆ. 1327ರ ಸುಮಾರಿಗೆ ಸಗರದ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್, ತನ್ನ ಬಂಧು ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದು, ಸೋತು, ಕಂಪಿಲನ ಆಶ್ರಯಕ್ಕೆ ಬಂದ. ದಿಲ್ಲಿಯ ಸೈನ್ಯ ಬೆನ್ನಟ್ಟಿ ಬಂದಾಗಲೂ ಕಂಪಿಲ ಅವನನ್ನು ಒಪ್ಪಿಸಲಿಲ್ಲ. ಉಳಿಯುವ ದಾರಿ ಕಾಣದಾದಾಗ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳಿಸಿ, ತಾನು ಹೋರಾಡಿ ಸತ್ತ. ಬಲ್ಲಾಳ ಅವನನ್ನು ಹಿಡಿದುಕೊಟ್ಟ. ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ರಾಜಕಾರಣದ ಲೆಕ್ಕ ಇಬ್ಬರಿಗೂ ಇದ್ದೀತು. ಆದರೂ ಈ ಸೀಮೆ ಹಾಡಿ ನೆನೆಯುವುದು ಕಂಪಿಲನ ಮನೆತನವನ್ನೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ಇಟ್ಟಿದ್ದ ಎಲೆಗಳನ್ನು ಡಬ್ಬಿಗೆ ಹಾಕಿಕೊಂಡ. “ಆ ಶಹರಜಾದಳ ಎಲಿ ಈಗ ಎಲ್ಲಿ ಸಿಗ್ತದ ಮಾಮೂ?” ಎಂದ. ಹಳೆಯದು ಬಲು ದುಬಾರಿ ಇರಬೇಕು, ಅಲ್ಫ್ ಲೈಲಾದ ಪುಸ್ತಕವೇ ಮನೆಯಲ್ಲಿದೆ, ಬಾ ಎಂದೆ.