ಚಿತ್ರತುರಗವೂ ಚಲಚ್ಚಿತ್ರವೂ

೧೯೫೪ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ವನ್ನು ಬಾಲ್ಯದಲ್ಲಿ ಟೆಂಟಿನೊಳಗೆ ಕುಳಿತು ನೋಡಿದವನು ನಾನು. ಬೇಡನು ಈಶ್ವರನಿಗೆ ಕಣ್ಣನ್ನು ಕಿತ್ತೊಪ್ಪಿಸುವಲ್ಲಿ ನನ್ನ ಕಣ್ಣು ತೇವವಾಗದೆ ಇದ್ದುದಿಲ್ಲ. ಈಚೆಗೆ ಮಗನ ಮನೆಯ ಹೊಸ ಟೆಲಿವಿಷನ್ನಿನಲ್ಲಿ ಅದನ್ನೇ ನೋಡಿದೆನು. ಕಣ್ಣು ಒಣಗಿಯೇ ಇದ್ದಿತು. ಬೇಡನು ಕಾಣಲಿಲ್ಲ, ವೇಷ ತೊಟ್ಟ ನಟನು ಕಂಡನು. ಆ ಯಂತ್ರವು ಫ್ರೇಮುಗಳೆಂಬ ಬಿಡಿಚಿತ್ರಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ಸೇರಿಸಿ ಚಲನೆಯನ್ನು ನಯಗೊಳಿಸುತ್ತದೆಂದು ಮಗನು ತಿಳಿಸಿ, ಆ ಏರ್ಪಾಡನ್ನು ನಿಲ್ಲಿಸಿದನು. ಬೇಡನು ಮರಳಿ ಬಂದನು.

ಯಂತ್ರವು ಮಾಡಿದುದನ್ನು ಬುದ್ಧಿಪೂರ್ವಕವಾಗಿ ಮಾಡಿದ ನಿರ್ದೇಶಕರೂ ಉಂಟು. ಮೂಕಚಿತ್ರಗಳ ವೇಗಕ್ಕೆ ಕಟ್ಟುನಿಟ್ಟಾದ ನಿಯಮವಿರಲಿಲ್ಲ. ೧೯೨೦ರ ದಶಕದ ಕೊನೆಗೆ ಧ್ವನಿಯು ಕೂಡಿದಾಗ ಸೆಕೆಂಡಿಗೆ ೨೪ ಎಂಬ ಕ್ರಮವು ನೆಲೆನಿಂತಿತು. ೨೦೧೨ರಲ್ಲಿ ಪೀಟರ್ ಜ್ಯಾಕ್ಸನ್ನರು ‘ದಿ ಹಾಬಿಟ್’ ಕಥೆಯ ಮೊದಲ ಭಾಗವನ್ನು ೪೮ರಲ್ಲಿಯೂ, ೨೦೧೬ರಲ್ಲಿ ಆಂಗ್ ಲೀಯವರು ಒಬ್ಬ ಸೈನಿಕನ ಕಥೆಯನ್ನು ೧೨೦ರಲ್ಲಿಯೂ ತೆಗೆದರು. ವೇಗವು ಹೆಚ್ಚಿದಂತೆ ಚಲಿಸುವ ವಸ್ತುವಿನ ಮಸುಕು ತಗ್ಗಿ ಸ್ಪಷ್ಟತೆಯು ಹೆಚ್ಚುವುದು. ಆದರೆ ‘ಹಾಬಿಟ್’ ನೋಡಿದ ಅನೇಕರಿಗೆ ಕಥೆಯ ಲೋಕಕ್ಕಿಂತ ವೇಷ, ಬಣ್ಣ, ರಂಗಸಜ್ಜಿಕೆಗಳೇ ಎದ್ದು ಕಂಡವು.

ಇದು ಕೇವಲ ಅಭ್ಯಾಸದೋಷವೆಂದು ಪೂರ್ವಪಕ್ಷಿಯು ಹೇಳಬಹುದು. ಆ ವಾದವು ಅಲ್ಪವಲ್ಲ. ೨೪ ಎಂಬುದೇನೂ ಶಾಸ್ತ್ರೋಕ್ತವಲ್ಲ. ಧ್ವನಿಯ ಅಗತ್ಯಕ್ಕೂ ಫಿಲ್ಮಿನ ಮಿತವ್ಯಯಕ್ಕೂ ನಡುವೆ ಏರ್ಪಟ್ಟ ಸಂಧಾನವಷ್ಟೆ. ಆದರೂ ನಾಟ್ಯಶಾಸ್ತ್ರದ ವ್ಯಾಖ್ಯಾನಕಾರನಾದ ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ಇಲ್ಲಿ ನೆನೆಯಬೇಕು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡಾಗ ಇದು ದಿಟವಾದ ಕುದುರೆಯೆಂಬ ನಿಶ್ಚಯವಿಲ್ಲ, ಅಲ್ಲವೆಂಬ ನಿಷೇಧವಿಲ್ಲ, ಸಂಶಯವಿಲ್ಲ, ಹೋಲಿಕೆಯ ಎಣಿಕೆಯೂ ಇಲ್ಲ. ಆದರೂ ಕುದುರೆಯೆಂಬ ಪ್ರತೀತಿಯುಂಟು. ಶಂಕುಕನ ಅನುಕರಣವಾದವನ್ನು ಅಭಿನವಗುಪ್ತಾಚಾರ್ಯರು ಖಂಡಿಸಿದರೂ ಈ ದೃಷ್ಟಾಂತದ ಬೆಲೆ ಕುಂದಿಲ್ಲ. ಅತಿಸ್ಪಷ್ಟತೆಯು ‘ಇವನು ನಟನೇ’ ಎಂಬ ನಿಶ್ಚಯವನ್ನು ಬಲವಂತವಾಗಿ ತಂದಿಟ್ಟು ಆ ವಿಲಕ್ಷಣ ಪ್ರತೀತಿಯನ್ನು ಕೆಡಿಸುತ್ತದೆ. ಕಣ್ಣಿಗೆ ಲಾಭ, ರಸಕ್ಕೆ ನಷ್ಟ.

ಹಾಗೆಂದು ಹೆಚ್ಚಿನ ವೇಗವನ್ನು ಬಹಿಷ್ಕರಿಸಬೇಕೆಂದಲ್ಲ. ೨೦೨೨ರ ‘ಅವತಾರ್’ ಎರಡನೆಯ ಭಾಗದಲ್ಲಿ ಜೇಮ್ಸ್ ಕ್ಯಾಮರೂನರು ನೀರಿನೊಳಗಣ ಸಂಚಾರಕ್ಕೆ ೪೮ನ್ನು ಬಳಸಿ, ಸಂಭಾಷಣೆಗಳಿಗೆ ಹಳೆಯ ೨೪ರ ನಡೆಯನ್ನೇ ಉಳಿಸಿಕೊಂಡರು. ಕ್ಷೇಮೇಂದ್ರನು ಔಚಿತ್ಯವೆಂದದ್ದು ಇದನ್ನೇ ಅಲ್ಲವೆ? ಆಟದ ಪಂದ್ಯಕ್ಕೆ ಆ ನಯವು ಇರಲಿ. ಕಥೆಯನ್ನು ನೋಡುವಾಗ ವಾಚಕ ಮಹಾಶಯರು ಮನೆಯ ಯಂತ್ರದಲ್ಲಿ ಆ ಏರ್ಪಾಡನ್ನು ಒಮ್ಮೆ ನಿಲ್ಲಿಸಿ ನೋಡಲಿ. ಕಣ್ಣಪ್ಪನು ಬರುವನೋ ಇಲ್ಲವೋ, ಅವರ ಹೃದಯವೇ ಪ್ರಮಾಣ.