ಬೂಲೆಂಜರನ ಉಭಯಚರ ಸಂಪುಟ ಮತ್ತು ಕೊಪಣನಾಡು: ಒಂದು ವಿಮರ್ಶೆ

'ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ' ಮಾಲೆಯಲ್ಲಿ ಜಿ. ಎ. ಬೂಲೆಂಜರನು 1890ರಲ್ಲಿ ಪ್ರಕಟಿಸಿದ ಸರೀಸೃಪ ಹಾಗೂ ಉಭಯಚರಗಳ ಸಂಪುಟವು ದೀರ್ಘಕಾಲ ಆಕರಗ್ರಂಥವೆನಿಸಿತು. ಪ್ರಾಣಿಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೆ ಆಕರವೊಂದು ಏನನ್ನು ಹೇಳಿತು, ಏನನ್ನು ಬಿಟ್ಟಿತು ಎಂದು ಪರಿಶೀಲಿಸುವುದು ಇತಿಹಾಸದ ಕೆಲಸವೇ ಆದುದರಿಂದ ಈ ಪ್ರಯತ್ನಕ್ಕೆ ಕೈಹಾಕಿದ್ದೇವೆ.

ಬಾಲವುಳ್ಳ ಉಭಯಚರಗಳಲ್ಲಿ, ಎಂದರೆ ಸಲಮಾಂಡರ್ ಗಣದಲ್ಲಿ, ಬೂಲೆಂಜರನು ಎಣಿಸಿದ್ದು ಒಂದೇ ಜಾತಿಯನ್ನು: ಪೂರ್ವ ಹಿಮಾಲಯದ ಟೈಲೊಟೊಟ್ರೈಟಾನ್ ವೆರುಕೋಸಸ್. ಲೋಕದಲ್ಲಿ ಇಂದು 800ಕ್ಕೂ ಮಿಗಿಲಾದ ಜಾತಿಗಳು ತಿಳಿದಿವೆ; ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಶ್ವಾಸಕೋಶವೇ ಇಲ್ಲದೆ ಚರ್ಮದಿಂದ ಉಸಿರಾಡುವ, ಬಹುಮಟ್ಟಿಗೆ ಅಮೆರಿಕದ, ಒಂದೇ ಕುಟುಂಬಕ್ಕೆ ಸೇರಿದವು. ದಕ್ಷಿಣ ಭಾರತದಲ್ಲಿ ಒಂದೂ ಇಲ್ಲ. ಈ ಕೊರತೆಯನ್ನು ಆತನು ಊಹೆಯಿಂದ ತುಂಬಲಿಲ್ಲವೆಂಬುದು ಗ್ರಂಥದ ದೊಡ್ಡ ಗುಣ. ಡಾರ್ಜಿಲಿಂಗ್ ಕಡೆಯ ಪ್ರಾಣಿಗೆ 2015ರಲ್ಲಿ ಹಿಮಾಲಯಾನಸ್ ಎಂಬ ಬೇರೆ ಜಾತಿನಾಮ ಬಂದುದರಿಂದ ಆ ಗುಣಕ್ಕೆ ಕುಂದಿಲ್ಲ.

ದೋಷವು ಮುಂದಿನವರದು. ಮಾಲ್ಕಂ ಸ್ಮಿತ್ 1931, 1935, 1943ರಲ್ಲಿ ಹೊರತಂದ ಮೂರು ಸಂಪುಟಗಳ ಶೀರ್ಷಿಕೆಯಲ್ಲಿ ಉಭಯಚರಗಳ ಹೆಸರಿದೆ, ಒಳಗೆ ಇರುವುದು ಸರೀಸೃಪಗಳು ಮಾತ್ರ! ಉಭಯಚರಗಳ ಭಾಗ ಬರಲೇ ಇಲ್ಲ. ಮುಖಪುಟವನ್ನಷ್ಟೇ ನಂಬಿ ಗ್ರಂಥವನ್ನು ಉಲ್ಲೇಖಿಸುವವರಿಗೆ ಇದು ಎಚ್ಚರಿಕೆಯಾಗಲಿ.

ಇನ್ನು ನಮ್ಮಲ್ಲಿ ಸಲಮಾಂಡರನ್ನು 'ಹಲ್ಲಿಯಂಥ ಪ್ರಾಣಿ' ಎಂದು ಬಿಡಿಸಿ ಹೇಳುವ ರೂಢಿಯನ್ನು ನಾವು ಒಪ್ಪಲಾರೆವು. ಹಲ್ಲಿಗೆ ಹುರುಪೆಯಿದೆ, ಉಗುರಿದೆ, ಚಿಪ್ಪಿನ ಮೊಟ್ಟೆಯಿದೆ. ಸಲಮಾಂಡರಿಗೆ ಇವಾವುವೂ ಇಲ್ಲ. ಅದರ ಚರ್ಮ ತೇವವಾದುದು, ಬಹುಪಾಲು ಜಾತಿಗಳ ಮರಿ ನೀರಿನಲ್ಲಿ ಗರಿಯಂಥ ಕಿವಿರುಗಳಿಂದ ಬೆಳೆಯುತ್ತದೆ ಅಥವಾ ಮೊಟ್ಟೆಯೊಳಗೇ ಆ ಅವಸ್ಥೆಯನ್ನು ಕಳೆಯುತ್ತದೆ. ಕಡಿದ ಕಾಲು ಮತ್ತೆ ಬೆಳೆಯುವುದೂ ಉಂಟು. ಅದು ಕಪ್ಪೆಯ ದಾಯಾದಿ, ಹಲ್ಲಿಯದಲ್ಲ.

ಕವಿರಾಜಮಾರ್ಗವು ಕನ್ನಡದ ತಿರುಳಿರುವ ನೆಲಗಳಲ್ಲಿ ಕೊಪಣವನ್ನೂ ಎಣಿಸಿದೆ. ಆ ನಾಡಿನ ವಿದ್ಯಾರ್ಥಿಯು ತಾನೆಂದೂ ಕಾಣದ ಪ್ರಾಣಿಯ ಲಕ್ಷಣವನ್ನು ಕಂಠಪಾಠ ಮಾಡುತ್ತಾನೆ. ಯಲಬುರ್ಗಾ, ಕುಷ್ಟಗಿಗಳ ಒಣನೆಲದಲ್ಲಿ ಬೇಸಗೆಯನ್ನು ಮಣ್ಣೊಳಗೆ ಕಳೆದು ಮೊದಲ ಮಳೆಗೆ ಮೇಲೆದ್ದು ಕೂಗುವ ಕಪ್ಪೆಗಳಿಗೆ ಹೊಲದವರು ಏನೆನ್ನುತ್ತಾರೆಂಬುದನ್ನು ಬರೆದಿಡುವುದಿಲ್ಲ. 1953ರ ತುಂಗಭದ್ರಾ ಅಣೆಕಟ್ಟಿನ ನೀರು ಗಂಗಾವತಿಯ ಗದ್ದೆಗಳನ್ನು ತುಂಬಿತು. ಅಲ್ಲಿಯ ಕಪ್ಪೆಗಳ ಹೆಸರುಗಳು ಮಳೆಯನ್ನೇ ನಂಬಿದ ಊರುಗಳ ಹೆಸರುಗಳಿಂದ ಬೇರೆಯೇ? ಈ ಪಟ್ಟಿಯನ್ನು ಎಲ್ಲ ತಾಲೂಕುಗಳಲ್ಲಿ ಮುಂದಿನ ಮುಂಗಾರಿಗೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಒಂದು ಲಾಟೀನು, ಒಂದು ನೋಟುಪುಸ್ತಕ.